'ಟೇಸನ್' ತಪ್ಪೆ? ಕೇಶಿರಾಜನ ತದ್ಭವ ಮತ್ತು ಮೆಣಸಗಿಯ ಇಂಗ್ಲಿಷ್ ಪದಗಳು

ಕೆಲವು ಕಾಲದ ಹಿಂದೆ ವಿಚಾರ ಸಂಕಿರಣವೊಂದರಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬ ಪ್ರಬಂಧ ಮಂಡಿಸಿದ. ಊರು ರೋಣ ತಾಲ್ಲೂಕಿನ ಮೆಣಸಗಿ. ವಿಷಯ, ಮಲಪ್ರಭಾ ತೀರದ ಶಾಸನಗಳಲ್ಲಿ ಕಾಣುವ ಬಸದಿಗಳ ದತ್ತಿ. ಶಾಸನಪಾಠಗಳನ್ನು ಆತ ಸ್ವತಃ ಕಲ್ಲಿನ ಮುಂದೆ ಕುಳಿತು ಪರಿಶೀಲಿಸಿದ್ದ. ಮುದ್ರಿತ ಪಾಠದ ಎರಡು ತಪ್ಪುಗಳನ್ನು ಸಕಾರಣವಾಗಿ ತೋರಿಸಲು ಸಿದ್ಧನಾಗಿದ್ದ. ಆದರೆ ಮೂರನೆಯ ವಾಕ್ಯದಲ್ಲಿಯೇ 'ಎಪಿಗ್ರಾಪಿ' ಎಂಬ ಮಾತು ಬಂತು. ಮುಂದಿನ ಸಾಲಿನಲ್ಲಿ ಯಾರೋ ಮುಗುಳ್ನಕ್ಕರು. ಎರಡನೆಯ ಬಾರಿ ಆ ಪದ ಬಂದಾಗ ನಗೆ ಸ್ವಲ್ಪ ಹರಡಿತು. ಆ ಬಳಿಕ ವಿದ್ಯಾರ್ಥಿ ಪ್ರಬಂಧ ಓದುವುದನ್ನು ಬಿಟ್ಟು, ಸಾರಾಂಶ ಹೇಳಿ, ನಿಗದಿತ ಕಾಲಕ್ಕಿಂತ ಮೊದಲೇ ವೇದಿಕೆಯಿಂದ ಇಳಿದ. ಪಾಠದೋಷಗಳ ಮಾತು ಬರಲೇ ಇಲ್ಲ. ಹೊರಗೆ ಭೇಟಿಯಾದಾಗ ಆತ ಕೇಳಿದ್ದು ಒಂದೇ: "ಸರ್, ನನ್ನ ಉಚ್ಚಾರ ಅಷ್ಟ ತಪ್ಪ ಐತೇನ್ರೀ?"

ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆದ್ದರಿಂದ ಆ ಪ್ರಶ್ನೆಗೆ ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ಪದವನ್ನೇ ನೋಡೋಣ. ಶಾಸನಶಾಸ್ತ್ರವೆಂಬ ಅರ್ಥದ ಆ ಇಂಗ್ಲಿಷ್ ಪದ ಗ್ರೀಕ್ ಮೂಲದ್ದು. ಪ್ರಾಚೀನ ಗ್ರೀಕಿನಲ್ಲಿ ಅದರ ಕೊನೆಯ ವ್ಯಂಜನ ಇಂದಿನ ಇಂಗ್ಲಿಷಿನ ದಂತೋಷ್ಠ್ಯ ಧ್ವನಿಯಾಗಿರಲಿಲ್ಲ. ನಮ್ಮ 'ಫ'ಕಾರದಂತೆ ಪಕಾರದ ಮಹಾಪ್ರಾಣವಾಗಿತ್ತು. ಅದು ಊಷ್ಮಧ್ವನಿಯಾದದ್ದು ಆಮೇಲೆ. ಹಾಗಿರುವಾಗ ಎರಡು ತುಟಿ ಸೇರಿಸಿ ಆ ಪದವನ್ನು ಉಚ್ಚರಿಸಿದ ಮೆಣಸಗಿಯ ವಿದ್ಯಾರ್ಥಿ ಮೂಲಕ್ಕೆ ನಮಗಿಂತ ದೂರವಿರಲಿಲ್ಲ. ಇನ್ನೊಂದು ಸಂಗತಿ: ಇಂಗ್ಲಿಷಿನಲ್ಲಿ ಈ ಪದದ ಒತ್ತು ಎರಡನೆಯ ಅಕ್ಷರವಾದ 'ಪಿ'ಯ ಮೇಲೆ ಬೀಳುತ್ತದೆ, 'ಗ್ರ' ಹ್ರಸ್ವವಾಗಿ, ಕೇಳಿಯೂ ಕೇಳದಂತೆ ಜಾರುತ್ತದೆ. ಆ ಸಭೆಯಲ್ಲಿ 'ಗ್ರಾ' ಎಂದು ದೀರ್ಘವಾಗಿ ಎಳೆಯದವರು ಯಾರೂ ಇರಲಿಲ್ಲ. ಅಂದರೆ ನಕ್ಕವರೂ ನಗೆಗೀಡಾದವನೂ ಒಂದೇ ಪದವನ್ನು ಕನ್ನಡದ ನಾಲಗೆಗೆ ಒಗ್ಗಿಸಿಕೊಂಡಿದ್ದರು. ಒಬ್ಬನ ಒಗ್ಗಿಸುವಿಕೆ ಒಂದು ಹೆಜ್ಜೆ ಮುಂದೆ ಹೋಗಿತ್ತು, ಅಷ್ಟೆ.

ತಿರುಳ್ಗನ್ನಡದ ನಾಡು

ಮೆಣಸಗಿ ಇರುವ ಸ್ಥಳವನ್ನು ಸಾಹಿತ್ಯದ ವಿದ್ಯಾರ್ಥಿಗಳು ಭೂಪಟದಲ್ಲಿ ಒಮ್ಮೆ ಗುರುತಿಸಿಕೊಳ್ಳಬೇಕು. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ಕನ್ನಡವನ್ನು ತಿರುಳುಗನ್ನಡವೆಂದು ಹೆಸರಿಸುತ್ತದೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಮೆಣಸಗಿಯ ಸೀಮೆಯನ್ನು ತೋಯಿಸುವ ಮಲಪ್ರಭೆಯೇ ಮುಂದೆ ಹರಿದು ಆ ಊರನ್ನು ಮುಟ್ಟುತ್ತದೆ. ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಒಂಕುಂದವನ್ನು ವಿದ್ವಾಂಸರು ಬೆಳಗಾವಿ ಜಿಲ್ಲೆಯ ಕಡೆಗೆ ಗುರುತಿಸಿದ್ದಾರೆ. ಈ ನಾಲ್ಕರ ನಡುವಿನ ಎರೆಭೂಮಿಯಲ್ಲಿಯೇ ಮೆಣಸಗಿ ಇದೆ. 941ರಲ್ಲಿ ಪಂಪ ತನ್ನ ಭಾರತಕಾವ್ಯಕ್ಕೆ ಪುಲಿಗೆರೆಯ ತಿರುಳ್ಗನ್ನಡವೇ ಆಧಾರವೆಂದು ಹೆಮ್ಮೆಯಿಂದ ಹೇಳಿಕೊಂಡ.

ಒಂದು ಕಾಲದಲ್ಲಿ ಕನ್ನಡದ ಪ್ರಮಾಣವೆಂದು ಎಣಿಸಲ್ಪಟ್ಟ ನೆಲದ ಮಾತು ಇಂದು ಚಲನಚಿತ್ರಗಳಲ್ಲಿ ಹಾಸ್ಯಪಾತ್ರಗಳಿಗೆ ಮೀಸಲಾಗಿದೆ. ಪ್ರಮಾಣವೆಂಬುದು ಅಧಿಕಾರದ ಜೊತೆಯಲ್ಲಿ ಊರಿಂದೂರಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 'ಕವಿರಾಜಮಾರ್ಗ'ಕಾರನಿಗೆ ಈ ಅರಿವಿತ್ತು. ದೇಸಿ ಬೇರೆಬೇರೆಯಾಗಿರುವುದರಿಂದ ಅದರ ಗುಣದೋಷಗಳನ್ನು ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬ ಅಭಿಪ್ರಾಯವನ್ನು ಆತ ವ್ಯಕ್ತಪಡಿಸಿದ್ದಾನೆ. ತಿರುಳನ್ನು ಗುರುತಿಸಿದ ಗ್ರಂಥವೇ ಭೇದವನ್ನೂ ಒಪ್ಪಿಕೊಂಡಿತು.

ಅಪಭ್ರಂಶಕ್ಕೊಂದು ಪ್ರಕರಣ

ಭೇದವನ್ನು ಒಪ್ಪಿಕೊಳ್ಳುವುದು ಒಂದು, ಅದರ ನಿಯಮವನ್ನು ಕಂಡುಕೊಳ್ಳುವುದು ಇನ್ನೊಂದು. ಎರಡನೆಯ ಕೆಲಸವನ್ನು ಮಾಡಿದವನು ಕೇಶಿರಾಜ. ಸುಮಾರು 1260ರ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು ಇವುಗಳ ಸಾಲಿನಲ್ಲಿಯೇ ಅಪಭ್ರಂಶಕ್ಕೂ ಒಂದು ಪ್ರಕರಣವಿದೆ. ಅಪಭ್ರಂಶವೆಂದರೆ ಜಾರಿಬಿದ್ದದ್ದು ಎಂದರ್ಥ. ಪತಂಜಲಿಯ 'ಮಹಾಭಾಷ್ಯ'ದಲ್ಲಿ 'ಗೌಃ' ಎಂಬ ಒಂದು ಸಾಧುಶಬ್ದಕ್ಕೆ 'ಗಾವೀ', 'ಗೋಣೀ' ಮೊದಲಾದ ಅನೇಕ ಅಪಶಬ್ದಗಳಿರುವುದನ್ನು ದೋಷದ ಉದಾಹರಣೆಯಾಗಿ ಕೊಡಲಾಗಿದೆ. ಕೇಶಿರಾಜನ ಕೈಯಲ್ಲಿ ಅದೇ ಅಪಭ್ರಂಶ ಶಾಸ್ತ್ರವಿಷಯವಾಯಿತು. ಸಂಸ್ಕೃತದ ಶಬ್ದ ಕನ್ನಡಿಗರ ಬಾಯಲ್ಲಿ ಹೇಗೆ ಮಾರ್ಪಡುತ್ತದೆ, ಯಾವ ಅಕ್ಷರಕ್ಕೆ ಯಾವ ಅಕ್ಷರ ಬರುತ್ತದೆ ಎಂಬುದನ್ನು ಆತ ಸೂತ್ರಬದ್ಧಗೊಳಿಸಿದ. ಮಾರ್ಪಾಡು ಮನಬಂದಂತೆ ನಡೆಯುವುದಿಲ್ಲ, ಅದಕ್ಕೆ ಕ್ರಮವಿದೆ ಎಂಬುದೇ ಆ ಪ್ರಕರಣದ ಮುಖ್ಯ ತತ್ತ್ವ.

ತದ್ಭವದ ಮರ್ಯಾದೆ ಎಷ್ಟೆಂಬುದನ್ನು ಒಂದೇ ಪದದಿಂದ ತಿಳಿಯಬಹುದು. 'ವಸತಿ' ಕನ್ನಡದಲ್ಲಿ 'ಬಸದಿ'ಯಾಯಿತು. ಶಾಸನಗಳು, ಕಾವ್ಯಗಳು, ಭಕ್ತರು, ವಿದ್ವಾಂಸರು ಎಲ್ಲರೂ 'ಬಸದಿ' ಎನ್ನುತ್ತಾರೆ. ಅದನ್ನು ತಿದ್ದಿ 'ವಸತಿ' ಎನ್ನಬೇಕೆಂದು ಯಾರೂ ಹಟ ಹಿಡಿದಿಲ್ಲ. ಶ್ರಮಣ 'ಸವಣ'ನಾದ, ಯಕ್ಷ 'ಜಕ್ಕ'ನಾದ, ಪ್ರಾಕೃತ 'ಪಾಗದ'ವಾಯಿತು. ಇವುಗಳಲ್ಲಿ ಅನೇಕ ಪದಗಳು ಪ್ರಾಕೃತಗಳ ಮೂಲಕ ಬಂದವು, ಕನ್ನಡದ ನಾಲಗೆಯೊಂದೇ ಅವನ್ನು ರೂಪಿಸಲಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಇಂಗ್ಲಿಷ್ ಪದಗಳ ವಿಷಯದಲ್ಲಿಯೂ ಅದೇ ರೀತಿ ಮಧ್ಯವರ್ತಿಗಳಿದ್ದರೆಂಬುದನ್ನು ಮುಂದೆ ನೋಡಲಿದ್ದೇವೆ.

ಮೆಣಸಗಿಗೆ ಹತ್ತಿರದ ಹೊಳೆಆಲೂರಿನಲ್ಲಿ ರೈಲು ನಿಲ್ದಾಣವಿದೆ. ಗದಗದಿಂದ ಬಾದಾಮಿ, ಬಾಗಲಕೋಟೆಗಳ ಮೂಲಕ ಹೋಟಗಿಗೆ ಹೋಗುವ ಈ ಮಾರ್ಗ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. ಇಂಗ್ಲಿಷ್ ಓದು ಹಳ್ಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಇಂಗ್ಲಿಷ್ ಪದಗಳು ಈ ಹಳಿಯ ಮೇಲೆ ಬಂದವು. ಆ ವಿದ್ಯಾರ್ಥಿಯೂ ನಾನೂ ಆಮೇಲೆ ಒಂದು ದಿನ ಕುಳಿತು, ಅವನ ಆಯಿಯೂ ಆಕೆಯ ಓರಗೆಯವರೂ ಆಡುವ ಇಂತಹ ಪದಗಳನ್ನು ಪಟ್ಟಿಮಾಡಿದೆವು. ಪಟ್ಟಿಯನ್ನು ಕೇಶಿರಾಜನ ಸೂತ್ರಗಳ ಪಕ್ಕದಲ್ಲಿಟ್ಟಾಗ ಕಂಡದ್ದನ್ನು ಹೀಗೆ ಸಂಗ್ರಹಿಸಬಹುದು.

ಪದಾದಿಯ ಸಂಯುಕ್ತಾಕ್ಷರದಲ್ಲಿ ಸಕಾರ ಲೋಪವಾಗುವುದು: ಸ್ಥಾನ 'ತಾಣ'ವಾಯಿತು, ಸ್ನೇಹ 'ನೇಹ'ವಾಯಿತು, ಸ್ಟೇಷನ್ 'ಟೇಸನ್' ಆಯಿತು. ಅದೇ ಪದದ ನಡುವೆ ಶಕಾರ ಷಕಾರಗಳಿಗೆ ಸಕಾರ ಬರುವ ನಿಯಮವೂ ಇದೆ: ಶಶಿ 'ಸಸಿ'ಯಾದಂತೆ. ಒತ್ತಕ್ಷರದ ರೇಫೆ ಬಿದ್ದುಹೋಗುವುದು: ಪ್ರಾಕೃತ 'ಪಾಗದ'ವಾದಂತೆ ಡ್ರೈವರ್ 'ಡೈವರ'ನಾದ, ಟ್ರ್ಯಾಕ್ಟರ್ 'ಟ್ಯಾಕ್ಟರ'ವಾಯಿತು. ಸಂಯುಕ್ತಾಕ್ಷರದ ನಡುವೆ ಸ್ವರ ಬಂದು ಅದನ್ನು ಬಿಡಿಸುವ ಸ್ವರಭಕ್ತಿ: ಪದ್ಮ 'ಪದುಮ'ವಾದಂತೆ, ಲಕ್ಷ್ಮಿ 'ಲಕುಮಿ'ಯಾದಂತೆ, ಫಿಲ್ಮ್ 'ಪಿಲಿಮು' ಆಯಿತು, ಷರ್ಟ್ 'ಸರಟು' ಆಯಿತು. ಫಿಲ್ಮ್ ಎಂಬ ಪದದ ನಡುವೆ ಸ್ವರ ಸೇರಿಸಿ ಉಚ್ಚರಿಸುವುದು ಐರ್ಲೆಂಡಿನ ಜನರ ಇಂಗ್ಲಿಷಿನಲ್ಲಿಯೂ ಪ್ರಸಿದ್ಧವಾದ ಲಕ್ಷಣ. ಅದನ್ನು ಭಾಷಾವಿಜ್ಞಾನಿಗಳು ಐರಿಷ್ ಇಂಗ್ಲಿಷಿನ ಗುಣವೆನ್ನುತ್ತಾರೆ.

ಪದಾಂತ್ಯದ ನಿಯಮ ಇನ್ನೂ ಸ್ವಾರಸ್ಯವಾದದ್ದು. ಬಸ್ 'ಬಸ್ಸು', ಪೆನ್ 'ಪೆನ್ನು'. ಆದರೆ ಕಾರ್ 'ಕಾರು', ಗೇಟ್ 'ಗೇಟು'. ಮೊದಲ ಎರಡರಲ್ಲಿ ದ್ವಿತ್ವ, ಮುಂದಿನ ಎರಡರಲ್ಲಿ ಇಲ್ಲ. ಏಕೆ? ಹಳಗನ್ನಡದ 'ಕಲ್', 'ಕಣ್' ಹೊಸಗನ್ನಡದಲ್ಲಿ 'ಕಲ್ಲು', 'ಕಣ್ಣು' ಆದವು. 'ಪಾಲ್', 'ಬೇರ್' ಮಾತ್ರ 'ಹಾಲು', 'ಬೇರು' ಆದವು. ಹ್ರಸ್ವಸ್ವರದ ಮುಂದಿನ ವ್ಯಂಜನ ಇಮ್ಮಡಿಸುತ್ತದೆ, ದೀರ್ಘದ ಮುಂದೆ ಇಮ್ಮಡಿಸುವುದಿಲ್ಲ. ಯಾವ ಪಾಠಶಾಲೆಯೂ ಕಲಿಸದ ಈ ನಿಯಮವನ್ನು ಮೆಣಸಗಿಯ ನಿರಕ್ಷರಿಯೂ ಬೆಂಗಳೂರಿನ ವಿದ್ಯಾವಂತನೂ ಒಂದೇ ರೀತಿಯಲ್ಲಿ ಪಾಲಿಸುತ್ತಾರೆ. ಆದರೆ 'ಬಸ್ಸು' ಎಂದವನನ್ನು ನೋಡಿ ಯಾರೂ ನಗುವುದಿಲ್ಲ, 'ಟೇಸನ್' ಎಂದವನನ್ನು ನೋಡಿ ನಗುತ್ತಾರೆ. ಎರಡೂ ತದ್ಭವಗಳೇ. ಒಂದನ್ನು ಪಟ್ಟಣದವರೂ ಆಡುತ್ತಾರೆ, ಇನ್ನೊಂದನ್ನು ಆಡುವುದಿಲ್ಲ. ನಗೆಯ ಆಧಾರ ವ್ಯಾಕರಣವಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಪ್ರದೇಶಭೇದವೆಂಬ ಐತಿಹಾಸಿಕ ದಾಖಲೆ

ಇಷ್ಟು ಕನ್ನಡಕ್ಕೆಲ್ಲ ಸಾಮಾನ್ಯವಾದದ್ದು. ಉತ್ತರ ಕರ್ನಾಟಕದ್ದೇ ಆದ ವಿಶೇಷಗಳೂ ಇವೆ. ಅಲ್ಲಿಯ ಆಡುನುಡಿಯಲ್ಲಿ 'ಬೇಡ' ಎಂಬುದು 'ಬ್ಯಾಡ', 'ಪೇಟೆ' ಎಂಬುದು 'ಪ್ಯಾಟಿ', 'ಬೇಸಗೆ' ಎಂಬುದು 'ಬ್ಯಾಸಗಿ'. ಆದರೆ 'ಬೇರು', 'ಬೇಲಿ', 'ಕೇರಿ' ಇವು ಹಾಗೆಯೇ ಉಳಿಯುತ್ತವೆ. ಮುಂದಿನ ಅಕ್ಷರದಲ್ಲಿ ಮೂಲತಃ ಅಕಾರ ಎಕಾರಗಳಿದ್ದರೆ ಏಕಾರ ವಿವೃತವಾಗುತ್ತದೆ. ಇಕಾರ ಉಕಾರಗಳಿದ್ದರೆ ಆಗುವುದಿಲ್ಲ. ಈ ನಿಯಮವೇ ಇಂಗ್ಲಿಷ್ ಪದಗಳಿಗೂ ಅನ್ವಯಿಸುತ್ತದೆ: ಹಿರಿಯರ ಬಾಯಲ್ಲಿ ಪೇಪರ್ 'ಪ್ಯಾಪರ' ಆಗುತ್ತದೆ, ಗೇಟು ಗೇಟಾಗಿಯೇ ಉಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. 'ಬ್ಯಾಂಕ್', 'ಬ್ಯಾಟ್' ಮೊದಲಾದ ಇಂಗ್ಲಿಷ್ ಪದಗಳಲ್ಲಿರುವ ವಿವೃತ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಸ್ವತಂತ್ರ ಅಕ್ಷರವಿಲ್ಲ. ಯಕಾರದ ಒತ್ತು ಹಾಕಿ ಹೇಗೋ ನಿರ್ವಹಿಸುತ್ತೇವೆ. ಆದರೆ ಆ ಧ್ವನಿಗೆ ಹತ್ತಿರದ ಧ್ವನಿ ಮೆಣಸಗಿಯ ಮಗುವಿನ ತಾಯ್ನುಡಿಯಲ್ಲಿಯೇ ಇದೆ. ಶಿಷ್ಟ ಕನ್ನಡದ ಬರೆಹರೂಪಕ್ಕಿಲ್ಲದ ಅನುಕೂಲವನ್ನು ಹಳ್ಳಿಯ ನುಡಿ ಕೊಡುತ್ತದೆ. ಇದನ್ನು ಕೊರತೆಯೆಂದು ಮಗುವಿಗೆ ಹೇಳಿಕೊಡುವುದು ಎಂತಹ ವಿಪರ್ಯಾಸ!

ಪದ ಬಂದ ದಾರಿಯೂ ಉಚ್ಚಾರಣೆಯಲ್ಲಿ ಅಚ್ಚೊತ್ತಿರುತ್ತದೆ. ಹಳೆಯ ಮೈಸೂರಿನಲ್ಲಿ ಶಾಲೆಯ ಗುರು 'ಮೇಷ್ಟ್ರು', ಧಾರವಾಡ ಸೀಮೆಯಲ್ಲಿ 'ಮಾಸ್ತರ'. ಒಂದರಲ್ಲಿ ಮೂರ್ಧನ್ಯ ಟಕಾರ, ಇನ್ನೊಂದರಲ್ಲಿ ದಂತ್ಯ ತಕಾರ. ಉತ್ತರದ ರೂಪ ಮರಾಠಿಯ 'ಮಾಸ್ತರ'ದೊಂದಿಗೆ ಹೊಂದುತ್ತದೆ. ರೋಣ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಆಡಳಿತದ ಮತ್ತು ಶಿಕ್ಷಣದ ಮಾತುಗಳು ಮರಾಠಿಯ ಹಾದಿಯಿಂದ ಬಂದವು. ಸಂಸ್ಕೃತ ಪದಗಳಿಗೆ ಪ್ರಾಕೃತ ಹೇಗೋ, ಇಲ್ಲಿಯ ಎಷ್ಟೋ ಇಂಗ್ಲಿಷ್ ಪದಗಳಿಗೆ ಮರಾಠಿ ಹಾಗೆ. ದಕ್ಷಿಣದಲ್ಲಿ ಐರೋಪ್ಯ ಪದ 'ಆಸ್ಪತ್ರೆ' ಎಂಬ ರೂಪ ತಾಳಿ ಸಂಸ್ಕೃತವೋ ಎಂಬಂತೆ ಕುಳಿತಿತು. ಉತ್ತರದಲ್ಲಿ ಅದೇ ಸ್ಥಳಕ್ಕೆ 'ದವಾಖಾನಿ' ಬಂತು. 1956ರ ಏಕೀಕರಣ ಭೂಪಟದ ಗೆರೆಗಳನ್ನು ಅಳಿಸಿತು, ನಾಲಗೆಯ ಮೇಲಿನ ಗೆರೆಗಳನ್ನಲ್ಲ. ಶಾಸನದ ಲಿಪಿಯಿಂದ ಕಾಲ ನಿರ್ಣಯಿಸುವ ಸಂಶೋಧಕನಿಗೆ ಉಚ್ಚಾರಣೆಯಿಂದ ಇತಿಹಾಸವನ್ನು ಓದುವುದು ಅಪರಿಚಿತವಾದ ವಿಧಾನವಾಗಬಾರದು.

ಆದರೆ ನಮ್ಮ ಶಾಲಾವ್ಯಾಕರಣಗಳು ಏನು ಮಾಡುತ್ತಿವೆ? ಸಂಸ್ಕೃತದಿಂದ ಬಂದ ಪದಗಳಿಗೆ ತತ್ಸಮ, ತದ್ಭವವೆಂಬ ವಿಭಾಗವಿದೆ. ಯಾವ ಅಕ್ಷರಕ್ಕೆ ಯಾವ ಅಕ್ಷರ ಬರುವುದೆಂಬ ಕೋಷ್ಟಕವಿದೆ. ಇಂಗ್ಲಿಷ್, ಪಾರಸಿ, ಪೋರ್ಚುಗೀಸ್ ಪದಗಳಿಗೆ 'ಅನ್ಯದೇಶ್ಯ'ವೆಂಬ ಒಂದು ಪಟ್ಟಿ ಮಾತ್ರ. ರೋಡು, ಬಸ್ಸು, ರೈಲು ಎಂದು ಹತ್ತಾರು ಪದಗಳನ್ನು ಬಾಯಿಪಾಠ ಮಾಡಿಸಿ ಮುಂದೆ ಸಾಗುತ್ತೇವೆ. ನಿಯಮವಿದೆಯೆಂಬ ಸುಳಿವನ್ನೂ ಕೊಡುವುದಿಲ್ಲ. ನಿಯಮ ತಿಳಿಯದಿರುವಲ್ಲಿ ಭೇದ ತಪ್ಪಿನಂತೆ ತೋರುತ್ತದೆ. ತಪ್ಪೆಂದು ತೋರಿದ್ದು ನಗೆಗೆ ವಸ್ತುವಾಗುತ್ತದೆ. ಇಂಗ್ಲಿಷ್ ಮೂಲದ ತದ್ಭವಗಳನ್ನು ತದ್ಭವಗಳೆಂದೇ ಕರೆದು, ಅವುಗಳ ಸೂತ್ರಗಳನ್ನು ಕಲಿಸಬೇಕೆಂಬುದು ಈ ಲೇಖನದ ಮೊದಲ ಒತ್ತಾಯ.

ಇಂಗ್ಲಿಷಿನ ಅಪಭ್ರಂಶಗಳು

ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ, ನಾವು ಅದನ್ನು ಕೆಡಿಸಿದೆವು ಎಂಬ ಕಲ್ಪನೆ ಹಲವರಲ್ಲಿದೆ. ಇದು ಆಧಾರರಹಿತವಾದದ್ದು. ದಕ್ಷಿಣ ಇಂಗ್ಲೆಂಡಿನ ಶಿಷ್ಟರು ಕಾರ್ ಎಂಬ ಪದದ ರೇಫೆಯನ್ನು ಉಚ್ಚರಿಸುವುದಿಲ್ಲ. ಸ್ಕಾಟ್ಲೆಂಡಿನವರೂ ಐರ್ಲೆಂಡಿನವರೂ ಬಹುಪಾಲು ಅಮೆರಿಕನ್ನರೂ ಉಚ್ಚರಿಸುತ್ತಾರೆ. ನಮ್ಮ 'ಕಾರು' ಎರಡನೆಯ ಪಂಗಡಕ್ಕೆ ಸೇರಿದ್ದು. ಸೇನೆಯ ಒಂದು ಹುದ್ದೆ ಬ್ರಿಟನ್ನಿನಲ್ಲಿ 'ಲೆಫ್ಟಿನೆಂಟ್', ಅಮೆರಿಕದಲ್ಲಿ 'ಲೂಟೆನಂಟ್'. ಹಕ್ಕಿಯೆಂಬ ಅರ್ಥದ 'ಬರ್ಡ್' ಹಿಂದೆ 'ಬ್ರಿಡ್' ಆಗಿತ್ತು. ಅಕ್ಷರಗಳು ಸ್ಥಾನ ಬದಲಿಸಿದವು, ಹೊಸರೂಪವೇ ಶಿಷ್ಟವಾಯಿತು. ನಮ್ಮಲ್ಲಿ ಸಿಗ್ನಲ್ 'ಸಿಂಗಲ್' ಆದದ್ದೂ ಡೆಸ್ಕ್ 'ಡೆಕ್ಸು' ಆದದ್ದೂ ಇದೇ ಜಾತಿಯ ವರ್ಣಪಲ್ಲಟ. ಆದರೆ 'ಬರ್ಡ್' ನಿಘಂಟಿಗೆ ಸೇರಿತು, 'ಡೆಕ್ಸು' ಹಾಸ್ಯಕ್ಕೆ ಸೇರಿತು.

ಇಂಗ್ಲಿಷರು ನಮ್ಮ ಪದಗಳನ್ನು ಸ್ವೀಕರಿಸಿದ ಬಗೆಯನ್ನೂ ನೋಡಬಹುದು. ತಮಿಳಿನ 'ಕಟ್ಟುಮರಂ' ಅವರಲ್ಲಿ 'ಕ್ಯಾಟಮರ್ಯಾನ್' ಆಯಿತು. ಜಗನ್ನಾಥ 'ಜಗರ್ನಾಟ್' ಆದ. ಮಡಿಕೇರಿ 'ಮರ್ಕೇರಾ' ಆಯಿತು. ಧಾರವಾಡದ ಡಕಾರ ಅವರ ಕಿವಿಗೆ ರೇಫೆಯಂತೆ ಕೇಳಿ 'ಧಾರ್ವಾರ್' ಎಂದು ಭೂಪಟಗಳಲ್ಲಿ, ಗೆಜೆಟಿಯರುಗಳಲ್ಲಿ ಅಚ್ಚಾಯಿತು. ಮೆಣಸಗಿಯ ಣಕಾರವನ್ನು ಅವರ ಲಿಪಿ ಬರೆಯಲಾರದು, ಅವರ ನಾಲಗೆ ಉಚ್ಚರಿಸಲಾರದು. ಇದಕ್ಕಾಗಿ ಅವರನ್ನು ಯಾರೂ ಹಳಿಯಲಿಲ್ಲ, ಹಳಿಯಬೇಕಾದ ಅಗತ್ಯವೂ ಇಲ್ಲ. ಪರಭಾಷೆಯ ಪದವನ್ನು ತನ್ನ ಧ್ವನಿವ್ಯವಸ್ಥೆಗೆ ಹೊಂದಿಸಿಕೊಳ್ಳುವುದು ಎಲ್ಲ ಭಾಷೆಗಳ ಸಹಜಧರ್ಮ. ಆದರೆ ಅವರ ತದ್ಭವಗಳು ನಮ್ಮ ಊರುಗಳ ಅಧಿಕೃತ ಹೆಸರುಗಳಾಗಿ ಮೆರೆದವು. ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತರಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ನಮ್ಮ ತದ್ಭವಗಳಾದರೋ ನಮ್ಮ ಸಭೆಗಳಲ್ಲಿಯೇ ಅವಮಾನಕ್ಕೆ ಗುರಿಯಾದವು. ಬರ್ನಾರ್ಡ್ ಷಾ 1913ರಲ್ಲಿ 'ಪಿಗ್ಮೇಲಿಯನ್' ನಾಟಕದ ಮೂಲಕ ಉಚ್ಚಾರಣೆಯಿಂದ ಮನುಷ್ಯರನ್ನು ಅಳೆಯುವ ತನ್ನ ಸಮಾಜವನ್ನು ಗೇಲಿ ಮಾಡಿದ. ಆ ನಾಟಕವನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ತರಗತಿಯಿಂದ ಹೊರಬಂದು ಅದೇ ಅಳತೆಗೋಲನ್ನು ಹಿಡಿಯುತ್ತೇವೆ.

ಎರಡು ಬೇರೆ ಪ್ರಶ್ನೆಗಳು

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಎದುರಾಗುತ್ತದೆ. 'ನಿಮ್ಮ ತದ್ಭವತತ್ತ್ವ ಗ್ರಂಥಕ್ಕೆ ಸರಿ. ನಾಳೆ ಆ ಹುಡುಗ ಸಂದರ್ಶನಕ್ಕೆ ಹೋದಾಗ, ಹೊರನಾಡಿನ ವಿದ್ವಾಂಸರ ಮುಂದೆ ಮಾತಾಡಿದಾಗ ಕೇಶಿರಾಜ ಬಂದು ಕಾಪಾಡುತ್ತಾನೆಯೆ?' ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯ ವಿದ್ಯಾರ್ಥಿಗೆ ಇಂಗ್ಲಿಷ್ ಬೇಕು. ಅದನ್ನು ಚೆನ್ನಾಗಿ ಕಲಿಸದೆ 'ನಿನ್ನ ಉಚ್ಚಾರಣೆಯೇ ಸೊಗಸು' ಎಂದು ಬೆನ್ನು ತಟ್ಟುವುದು ಇನ್ನೊಂದು ಬಗೆಯ ವಂಚನೆ.

ಆದರೆ ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಕನ್ನಡ ಮಾತಾಡುವಾಗ ಬಳಸುವ ಇಂಗ್ಲಿಷ್ ಮೂಲದ ಪದ ಕನ್ನಡದ ಪದ. ಅದರ ಉಚ್ಚಾರಣೆಗೆ ಕನ್ನಡದ ನಿಯಮವೇ ಪ್ರಮಾಣ. 'ಟೇಸನ್ನಿಗೆ ಹೋಗಿ ಬಂದೆ' ಎಂಬ ವಾಕ್ಯದಲ್ಲಿ ತಿದ್ದುವಂತಹದು ಏನೂ ಇಲ್ಲ. ಇಂಗ್ಲಿಷ್ ಭಾಷೆಯನ್ನೇ ಮಾತಾಡುವಾಗ ಪ್ರಶ್ನೆ ಬೇರೆ. ಅಲ್ಲಿ ಪ್ರಮಾಣ ಗ್ರಾಹ್ಯತೆ, ಅಂದರೆ ಕೇಳುವವನಿಗೆ ಅರ್ಥವಾಗುವುದು. 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿತು. ಆರ್. ಕೆ. ಬನ್ಸಲ್ ಅವರು 1969ರಲ್ಲಿ ಅಲ್ಲಿಂದ ಪ್ರಕಟಿಸಿದ ಅಧ್ಯಯನ ಭಾರತೀಯರ ಇಂಗ್ಲಿಷಿನ ಗ್ರಾ‌ಹ್ಯತೆಯನ್ನೇ ಕುರಿತದ್ದು. ಅಪಾರ್ಥಕ್ಕೆ ಕಾರಣವಾಗುವವುಗಳಲ್ಲಿ ಪದದ ಒತ್ತು ತಪ್ಪುವುದು ಪ್ರಮುಖವೆಂಬುದು ಈ ಬಗೆಯ ಅಧ್ಯಯನಗಳಿಂದ ತಿಳಿದುಬರುವ ಸಂಗತಿ. 'ಸೀಟ್', 'ಶೀಟ್' ಬೇರೆಬೇರೆ ಪದಗಳು. 'ಪ್ಯಾನ್', 'ಫ್ಯಾನ್' ಬೇರೆಬೇರೆ. ಅರ್ಥಭೇದ ಮಾಡುವ ಇಂತಹ ಧ್ವನಿಗಳನ್ನು ಕಲಿಸಬೇಕು, ಒತ್ತನ್ನು ಕಲಿಸಬೇಕು. ಅರ್ಥಕ್ಕೆ ಕುಂದು ತಾರದ, ಊರಿನ ಗುರುತನ್ನಷ್ಟೇ ಹೇಳುವ ಧಾಟಿಯನ್ನು ಅಳಿಸಬೇಕಾದ ಕಾರಣವಿಲ್ಲ. ನಾವು ಮಾಡುತ್ತಿರುವುದು ಇದರ ವಿರುದ್ಧ: ಧಾಟಿಯನ್ನು ಕಂಡು ನಗುತ್ತೇವೆ, ಒತ್ತನ್ನು ಕಲಿಸುವುದೇ ಇಲ್ಲ. ಆ ಸಂಕಿರಣದಲ್ಲಿ 'ಪಿ'ಯ ಮೇಲಿನ ಒತ್ತನ್ನು ಸೂಚಿಸಿದ್ದರೆ ಅದು ಪಾಠವಾಗುತ್ತಿತ್ತು. ನಗೆಯಿಂದ ಯಾರಿಗೂ ಏನೂ ಕಲಿಸಿದಂತಾಗಲಿಲ್ಲ.

ಈ ಎರಡನ್ನೂ ಒಟ್ಟಿಗೆ ಸಾಧಿಸಬಹುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಬೆಳೆದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದರು, ಇಂಗ್ಲಿಷ್ ಬೋಧಕರಾದರು, ಮೇಲೆ ಹೇಳಿದ ಹೈದರಾಬಾದಿನ ಸಂಸ್ಥೆಗೇ ನಿರ್ದೇಶಕರಾದರು. ಕನ್ನಡಕ್ಕೆ ಶಾಲೆಯಲ್ಲಿ ಪ್ರಥಮಸ್ಥಾನ ಬೇಕೆಂದ ಸಮಿತಿಯ ಅಧ್ಯಕ್ಷರೂ ಅವರೇ; 1981ರ ಆ ವರದಿ ಇಂದಿಗೂ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಮೆಣಸಗಿಯ ನೆರೆಯ ಹೊಳೆಆಲೂರು 'ಕನ್ನಡ ಸಾಹಿತ್ಯ ಚರಿತ್ರೆ'ಯ ಕರ್ತೃ ರಂ. ಶ್ರೀ. ಮುಗಳಿಯವರ ಹುಟ್ಟೂರು. ಈ ಮಣ್ಣಿನ ನುಡಿ ವಿದ್ವತ್ತಿಗೆ ಅಡ್ಡಿಯಾದ ಉದಾಹರಣೆ ಕಾಣೆವು.

ಕೇಶಿರಾಜನ ನಿಷ್ಠುರತೆ

ಕೇಶಿರಾಜನನ್ನು ಎಲ್ಲವನ್ನೂ ಒಪ್ಪುವ ಉದಾರಿಯೆಂದು ಚಿತ್ರಿಸುವುದೂ ಅಪಚಾರ. ಆತ ನಿಷ್ಠುರನಾದ ವೈಯಾಕರಣ. ಕನ್ನಡ ಸಂಸ್ಕೃತಗಳನ್ನು ಬೆರೆಸಿದ ಅರಿಸಮಾಸವನ್ನು ಪೂರ್ವಕವಿಗಳು ಬಳಸಿದ ಕೆಲವು ಪ್ರಯೋಗಗಳನ್ನು ಬಿಟ್ಟು ಉಳಿದಂತೆ ನಿಷೇಧಿಸಿದ. ೞಕಾರ ಳಕಾರಗಳ ಭೇದ ಮರೆತುಹೋಗುತ್ತಿದ್ದ ಕಾಲದಲ್ಲಿ ಯಾವ ಪದಕ್ಕೆ ಯಾವ ಅಕ್ಷರವೆಂದು ಪಟ್ಟಿಮಾಡಿ ಕೊಟ್ಟ. ಅವನ ದೃಷ್ಟಿಯಲ್ಲಿ ನಿಯಮಬದ್ಧವಾದ ಮಾರ್ಪಾಡು ಒಂದು, ಅಜ್ಞಾನದಿಂದಾದ ಗೊಂದಲ ಇನ್ನೊಂದು. ಕಾಲ ಅವನಿಗಿಂತಲೂ ಮುಂದೆ ಹೋಯಿತು. ೞಕಾರವೂ ಱಕಾರವೂ ಕನ್ನಡದಿಂದ ಕಣ್ಮರೆಯಾದವು. ಇಂದು ಅವುಗಳಿಲ್ಲದೆ ಮಾತಾಡುವ ನಾವೆಲ್ಲರೂ ಹದಿಮೂರನೆಯ ಶತಮಾನದ ಕಿವಿಗೆ ಅಶುದ್ಧ ಉಚ್ಚಾರಣೆಯವರೇ. ಪರರ ಉಚ್ಚಾರಣೆಯನ್ನು ಅಳೆಯಹೊರಟವರು ಇದನ್ನು ನೆನೆಯುವುದು ಒಳ್ಳೆಯದು.

ಇಂಗ್ಲಿಷ್ ಪದಗಳನ್ನು ಕನ್ನಡ ಪ್ರಬಂಧದಲ್ಲಿ ಬಳಸುವುದೇ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಇದೇ ಗದಗ ಜಿಲ್ಲೆಯ ಮುಳುಗುಂದದಲ್ಲಿ 1112ರಲ್ಲಿ 'ಧರ್ಮಾಮೃತ' ರಚಿಸಿದ ನಯಸೇನ, ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಸಂಸ್ಕೃತವನ್ನು ತುಂಬುವವರನ್ನು ತುಪ್ಪ ಎಣ್ಣೆಗಳನ್ನು ಬೆರೆಸುವವರಿಗೆ ಹೋಲಿಸಿ ಹಾಸ್ಯಮಾಡಿದ್ದಾನೆ. 'ಶಾಸನಶಾಸ್ತ್ರ' ಎಂಬ ಪದವಿರುವಾಗ ವಿದ್ಯಾರ್ಥಿ ಆ ಇಂಗ್ಲಿಷ್ ಪದವನ್ನು ಏಕೆ ಬಳಸಿದ? ಅದಿಲ್ಲದಿದ್ದರೆ ಪ್ರಬಂಧಕ್ಕೆ ಗೌರವ ಬಾರದೆಂದು ನಾವು, ಅವನ ಗುರುಗಳು, ಅವನಿಗೆ ಕಲಿಸಿದ್ದೆವು. ಬಳಸಬೇಕೆಂದವರೂ ನಾವೇ, ಬಳಸಿದಾಗ ನಕ್ಕವರೂ ನಾವೇ.

ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ನನ್ನ ವಿನಂತಿ ಇಷ್ಟು. ನಿಮ್ಮ ನಿಮ್ಮ ಊರುಗಳಲ್ಲಿ ಹಿರಿಯರು ಬಳಸುವ ಇಂಗ್ಲಿಷ್ ಮೂಲದ ಪದಗಳನ್ನು, ಅವರು ಉಚ್ಚರಿಸಿದಂತೆಯೇ, ಸಾಧ್ಯವಾದರೆ ಧ್ವನಿಮುದ್ರಿಸಿ ಸಂಗ್ರಹಿಸಿರಿ. ಯಾವ ಪದ, ಯಾವ ಕಸುಬಿನವರಿಂದ, ಯಾವ ಭಾಷೆಯ ಮೂಲಕ ಬಂತೆಂದು ಗುರುತು ಹಾಕಿರಿ. 1894ರಲ್ಲಿ ಪ್ರಕಟವಾದ ನಿಘಂಟಿನಲ್ಲಿ ಕಿಟ್ಟೆಲ್ ತದ್ಭವಗಳನ್ನು ತದ್ಭವಗಳೆಂದು ಗುರುತಿಸಿದ. 1872ರಲ್ಲಿಯೇ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ್ದವನಿಗೆ ಅದು ಸಹಜವಾಗಿತ್ತು. ಆ ಕೆಲಸದ ಮುಂದುವರಿಕೆ ನಮ್ಮದು. ಶಾಲೆಗಳಲ್ಲಿ ಇಂಗ್ಲಿಷ್ ಓದಿದ ಮೊಮ್ಮಕ್ಕಳು 'ಸ್ಟೇಷನ್' ಎನ್ನತೊಡಗಿದ್ದಾರೆ. 'ಟೇಸನ್' ಇನ್ನೊಂದು ತಲೆಮಾರಿನಲ್ಲಿ ಇಲ್ಲವಾಗಬಹುದು. ಅದು ಇಲ್ಲವಾಗುವುದು ಭಾಷೆಯ ಗತಿ. ದಾಖಲಾಗದೆ ಇಲ್ಲವಾಗುವುದು ಮಾತ್ರ ನಮ್ಮ ಅಲಕ್ಷ್ಯ.

ಆ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಉಚ್ಚಾರ ತಪ್ಪಿರಲಿಲ್ಲ, ಇಂಗ್ಲಿಷಿನಲ್ಲಿ ಆ ಪದವನ್ನು ಹೇಳಬೇಕಾದಾಗ ಒತ್ತು ಎರಡನೆಯ ಅಕ್ಷರದ ಮೇಲಿರಲಿ, ಕನ್ನಡದಲ್ಲಿ 'ಶಾಸನಶಾಸ್ತ್ರ' ಎಂದರೆ ಸಾಕು. ಆದರೆ ಮುದ್ರಿತ ಶಾಸನಪಾಠದ ಆ ಎರಡು ತಪ್ಪುಗಳು ಇನ್ನೂ ಹಾಗೆಯೇ ಉಳಿದಿವೆ. ಮುಂದಿನ ಸಭೆಯಲ್ಲಿ ಆತ ಅವನ್ನು ಮಂಡಿಸಲಿ, ನಾವು ಕೇಳೋಣ.